ಸೇತುವೆ ಕಾಣದ ಶಿಖರ

ಮನೆ, ಮಹಡಿಯ ಕೋಣೆ
ಸೋಮವಾರ ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ ತಮ್ಮನ ನಮಸ್ಕಾರ.

ಹೇಗಿದ್ದೀಯ? ಉಬ್ಬಸ ತಗ್ಗಿತೇ? ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಮರದ ಧೂಳಿನಲ್ಲಿ ನಿಲ್ಲಬೇಡ ಎಂದು ಎಷ್ಟು ಹೇಳಿದರೂ ನಿನಗದು ಕೋಣನ ಮುಂದೆ ಕಿನ್ನರಿ. ಅಕ್ಕನ ಮಗ ಹೇಗಿದ್ದಾನೆ? ಹೇಡಿ ಅಪ್ಪನ ಮುಖ ನೋಡುವುದಿಲ್ಲವೆಂದು ಮನೆ ಬಿಟ್ಟು ನಿನ್ನ ಬಡಗಿ ಅಂಗಡಿ ಸೇರಿದವನು, ಈಗ ಉಳಿ ಹಿಡಿದರೆ ನಿನ್ನನ್ನೇ ಮೀರಿಸುತ್ತಾನಂತೆ. ಇಲ್ಲಿ ಎಲ್ಲರ ದೇಹ ನೆಟ್ಟಗಿದೆ. ಉಳಿದ ಸುದ್ದಿಯನ್ನು ಕೂತುಕೊಂಡು ಓದು.

ಯುದ್ಧ ನಡೆದ ಜಾಗಗಳನ್ನು ತೋರಿಸುವ ಬಸ್ಸಿನಲ್ಲಿ ನಿನ್ನೆ ನಾನು, ಅಕ್ಕ, ಭಾವ ಹೋಗಿ ಬಂದೆವು. ಹಟ ನನ್ನದೇ. ನಮ್ಮ ನಾಟಕ ಈ ವರ್ಷ ಮತ್ತೆ ರಂಗವೇರುತ್ತಿದೆ. ನನ್ನ ಅಣ್ಣ ಒಬ್ಬನೇ ನಿಂತು ಕಾದ ಬೆಟ್ಟವನ್ನು ತುಳಿಯದೆ ಈ ಮುಖಕ್ಕೆ ಬಣ್ಣ ತಾಗಿಸುವುದಿಲ್ಲ ಎಂದು ಶಪಥ ಮಾಡಿದ್ದೆ. ನೀನು ಹೇಳಿದ ಕಥೆ, ನಾನು ಬರೆದ ಮಾತು, ನಿನ್ನ ಪಾತ್ರದಲ್ಲಿ ಗುಡುಗಿದವನೂ ನಾನೇ. ಶಿಖರದ ಬಂಕರಿನಲ್ಲಿ ನೀನು. ಬಂದೂಕು ಬಿಸಾಡಿ ಕೆಳಗಿನ ಅಡಿಗೆ ಶೆಡ್ಡಿಗೆ ಓಡಿದವರು ಭಾವ. ಓಡುವಾಗ ಬಿದ್ದೇ ಅವರ ಕಾಲು ಕುಂಟಾಯಿತು ಎಂದು ನೀನೇ ಹೇಳಿದ್ದೆ. ರಂಗದ ಮೇಲೆ ಹೆಸರು ಹೇಳದಿದ್ದರೂ ಆ ಕುಂಟು ನಡಿಗೆ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಭಾವ ಅಕ್ಕನ ಪಕ್ಕದಲ್ಲಿ ಕೂತು ಕೊನೆಯವರೆಗೂ ನೋಡಿ, ಕುರ್ಚಿ ಮಡಚಿಟ್ಟು ಹೋಗುತ್ತಿದ್ದರು.

ಮೊದಲು ಸೈನಿಕರ ಸಮಾಧಿಗಳು, ಆಮೇಲೆ ತುಕ್ಕು ಹಿಡಿದ ಒಂದು ಫಿರಂಗಿ. ಅದರ ಬಾಯಿಗೆ ಇಣುಕಿ ಅಕ್ಕ, "ಇದಕ್ಕಿಂತ ನಿನ್ನ ಗಂಟಲೇ ವಾಸಿ ಕಣೋ, ನಿನ್ನನ್ನೇ ಗಡಿಗೆ ಕಳಿಸಿದ್ರೆ ಯುದ್ಧ ಆವತ್ತೇ ಮುಗೀತಿತ್ತು" ಎಂದಳು. ಭಾವ ಕೂಡ ನಕ್ಕರು. ಬೆಟ್ಟದ ಬುಡದಲ್ಲಿ ಮಾತ್ರ, "ಕಾಲು ಬೇಡ ಅಂತಿದೆ, ನೀವು ಹೋಗ್ಬನ್ನಿ" ಎಂದು ಬಸ್ಸಿನಲ್ಲೇ ಉಳಿದರು. ನಾವಿಬ್ಬರೂ ಹತ್ತಿದೆವು. ಕಾಲಿಟ್ಟಲ್ಲೆಲ್ಲ ಜಾರುವ ಸಣ್ಣ ಕಲ್ಲು, ಮುಖಕ್ಕೆ ರಾಚುವ ಗಾಳಿ. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಭುಜಕ್ಕೆ ಜೋತುಬಿದ್ದಿದ್ದಳು. ಕೊನೆಗೂ ಬಂಕರು ಕಂಡಾಗ, ನಿಜ ಹೇಳುತ್ತೇನೆ ಅಣ್ಣ, ನನ್ನ ಕಣ್ಣು ತುಂಬಿ ಬಂತು.

ನನ್ನ ಚಪಲ ನಿನಗೆ ಗೊತ್ತಲ್ಲ. ಬಸ್ಸಿನ ಜನ ಸುತ್ತ ನಿಂತಿದ್ದರು. ಬಂಕರಿನ ಬಾಯಲ್ಲಿ ನಿಂತು ಎದೆಯುಬ್ಬಿಸಿ ಶುರು ಮಾಡಿಯೇಬಿಟ್ಟೆ: "ಇಗೋ ಎಡಕ್ಕೆ ಹೊಳೆಯ ಸೇತುವೆ, ಅದರಾಚೆ ಮೂರು ಕೆಂಪು ಹೆಂಚಿನ ಮನೆ. ಇವುಗಳ ಮೇಲೆ ಶತ್ರುವಿನ ನೆರಳೂ ಬೀಳಗೊಡೆನು." ಇಷ್ಟು ವರ್ಷ ಅದೇ ಮಾತಿಗೆ ಅದೇ ಕಡೆ ಚಾಚಿದ ಕೈ. ತೋರಿಸಿದೆ. ಅಲ್ಲಿದ್ದದ್ದು ಒಂದು ಸೀಳಿದ ಬಂಡೆ. ಜನ ಕಿಸಕ್ಕೆಂದರು. ಬಲಕ್ಕೆ ತಿರುಗಿದೆ: ಬೋಳು ಇಳಿಜಾರು. ಬಂಕರಿನ ಮೇಲೆ ಹತ್ತಿದೆ, ಹಿಂದೆ ಹೋದೆ, ಶಿಖರವನ್ನೆಲ್ಲ ಸುತ್ತಿದೆ. ಬೆಟ್ಟದ ಹೆಗಲು ಹೊಳೆಯನ್ನೇ ಮುಚ್ಚಿದೆ. ಅಲ್ಲಿಂದ ಸೇತುವೆ ಕಾಣುವುದಿಲ್ಲ, ಅಣ್ಣ. ಎಲ್ಲಿ ನಿಂತರೂ ಕಾಣುವುದಿಲ್ಲ.

ಕೆಳಗಿಳಿದೆವು. ಬುಡದಲ್ಲಿ ಆ ಅಡಿಗೆ ಶೆಡ್ಡನ್ನು ಇನ್ನೂ ಉಳಿಸಿದ್ದಾರೆ. ಮಸಿ ಹಿಡಿದ ಗೋಡೆ, ದೊಡ್ಡ ಒಲೆ, ಒಂದು ಕಿಟಕಿ. ಅದರ ಮುಂದೆ ನಿಂತೆ. ಎಡಕ್ಕೆ ಸೇತುವೆ, ಆಚೆ ಕೆಂಪು ಹೆಂಚಿನ ಮೂರು ಮನೆ. ನಮ್ಮ ಪರದೆಯ ಮೇಲೆ ಬರೆಸಿದ ಚಿತ್ರ ಚಾಚೂ ತಪ್ಪದೆ ಆ ಚೌಕಟ್ಟಿನಲ್ಲಿತ್ತು. ನೀನು ಕಂಡದ್ದನ್ನೇ ಹೇಳಿದ್ದೆ. ನಿಂತ ಜಾಗವನ್ನಷ್ಟೇ ಭಾವನೊಡನೆ ಅದಲುಬದಲು ಮಾಡಿದ್ದೆ.

ಬಸ್ಸಿಗೆ ಬಂದು ಕೇಳಿದೆ, ಮೇಲಿಂದ ಏನು ಕಾಣುತ್ತೆ ಭಾವ ಎಂದು. "ಏನ್ ಕಾಣುತ್ತೆ, ಮಣ್ಣು. ಎಡಗಡೆ ಒಂದು ಸೀಳಿದ ಬಂಡೆ. ಬಲಗಡೆ ಇಳಿಜಾರು, ಅಲ್ಲಿಂದಲೇ ಅವರು ಬರ್ತಿದ್ರು. ನನ್ನ ಕಾಲು ಹೋಗಿದ್ದೂ ಅಲ್ಲೇ." ಅಕ್ಕ ಸೀಟಿನ ಕಂಬಿ ಹಿಡಿದುಕೊಂಡು, ಯಾಕೆ ಹೇಳಲಿಲ್ಲ ಅಂದಳು. "ನಿಮ್ಮಣ್ಣ ಮೊದಲು ಮನೆಗೆ ಬಂದ, ನಾನು ಆಸ್ಪತ್ರೆಯಲ್ಲಿದ್ದೆ. ನಾನು ಬರೋ ಹೊತ್ತಿಗೆ ನಾಟಕ ಶುರುವಾಗಿತ್ತು. ಹೇಳಿದೆ, ಒಂದ್ಸಲ. ನೀವೆಲ್ಲ ನಕ್ಕಿರಿ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಅಣ್ಣ, ಸೈನ್ಯಕ್ಕೆ ಅನ್ನ ಬೇಯಿಸಿ ಹಾಕುವುದು ನಾಚಿಕೆಯ ಕೆಲಸವೇ? ಒಲೆಯ ಮುಂದೆ ಬೆವರು ಸುರಿಸಿದೆ ಎಂದಿದ್ದರೆ ಅದಕ್ಕೂ ಒಂದು ನಾಟಕ ಕಟ್ಟುತ್ತಿದ್ದೆ, ಸೌಟನ್ನೇ ಗದೆಯ ಹಾಗೆ ಎತ್ತಿ ಕುಣಿಯುತ್ತಿದ್ದೆ. ನೀನು ಹೇಳದೆ ಕೇಳದೆ ನನ್ನ ಗಂಟಲನ್ನು ಎತ್ತಿಕೊಂಡು, ಅದರಿಂದ ತಂಗಿಯ ಗಂಡನನ್ನು ಊರೂರಿನಲ್ಲಿ ಹೊಡೆಸಿದೆ. ಶತ್ರು ಇರಿದಿದ್ದರೆ ಎದೆಗೆ ಇರಿಯುತ್ತಿದ್ದ. ನಾಟಕವನ್ನು ನಿಲ್ಲಿಸಿದ್ದೇನೆ.

ನಿನ್ನ ಉಬ್ಬಸ ವಾಸಿಯಾಗಲಿ. ಈ ಸಿಟ್ಟಿನಲ್ಲೂ ಅದನ್ನು ಬಯಸದಿರಲು ಆಗುತ್ತಿಲ್ಲ. ಒಂದೇ ತಾಯಿಯ ಹಾಲು ಕುಡಿದವರು.

ಇಷ್ಟು ವರ್ಷ ನಿನ್ನ ವೇಷ ಹೊತ್ತ,
ತಮ್ಮ

ತಾ.ಕ.: ಕಾಗದ ಡಬ್ಬಿಗೆ ಹಾಕಲು ಅಕ್ಕ ಬಾಗಿಲಲ್ಲೇ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಗನಿಗೆ ತಿಳಿಸುವುದು ಬೇಡ, "ಅವನಿಗೆ ಮಾವನಾದ್ರೂ ಉಳೀಲಿ" ಅಂದರು ಭಾವ. ಅಕ್ಕ ಒಪ್ಪಲಿಲ್ಲ. ಗುರುವಾರ ಇಬ್ಬರೂ ಅಲ್ಲಿಗೆ ಬರುತ್ತಿದ್ದಾರೆ. ಹುಡುಗನನ್ನು ಬಸ್ ನಿಲ್ದಾಣಕ್ಕೆ ಕಳಿಸು. ಅವನು ಮುಂದೆ ಬಂದು ಅಪ್ಪನ ಕೈಚೀಲ ತೆಗೆದುಕೊಂಡರೆ, ನೀನೇ ಬಾಯಿಬಿಟ್ಟಿದ್ದೀಯ ಎಂದು ಅಕ್ಕ ತಿಳಿಯುತ್ತಾಳೆ. ಅಮ್ಮನದನ್ನಷ್ಟೇ ತೆಗೆದುಕೊಂಡರೆ, ನಿನ್ನ ಅಂಗಡಿಯ ಬಾಗಿಲಲ್ಲಿ ನಿಂತು ಅವಳೇ ಹೇಳುತ್ತಾಳೆ.