ತೊಳೆಯದ ಕೈಯಿಂದ ಹಾಕಿದ ಸೊಪ್ಪು

ತಿಕೋಟಾ
೧೧ ಜನವರಿ ೨೦೨೫

ಮುದ್ದು ಮಗಳು ಕಸ್ತೂರಿಗೆ ನಿನ್ನ ಅವ್ವನ ಮುತ್ತುಗಳು.

ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಅಳಲು ಶುರು ಮಾಡುತ್ತೇವೆ, ಅದಕ್ಕೇ ಈ ಪತ್ರ. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದಿಲ್ಲ ಎಂದರೆಂದು ನಿನ್ನ ಅತ್ತೆ ಬೋರವ್ವನ ಮೇಲೆ ಮುನಿಸಿಕೊಳ್ಳಬೇಡ. ಬೈಯುವುದಿದ್ದರೆ ನಿನ್ನ ಅಪ್ಪನನ್ನು ಬೈ. ನಿನ್ನ ಸೀಮಂತದ ಕುಬಸದ ಊಟದಲ್ಲಿ ಹೋಳಿಗೆಗಿಂತ ಹೆಚ್ಚಾಗಿ ನಮ್ಮ ಪಾಲಿಹೌಸಿನ ವರ್ಣನೆ ಬಡಿಸಿದವರು ಅವರು. ದೊಣ್ಣೆ ಮೆಣಸಿನ ಗಿಡಕ್ಕೆ ಹುಳ ಕೊಲ್ಲುವ ವೈರಸ್ ಹೊಡೆದಿದ್ದೇವೆ, ಬಯಲಲ್ಲಾದರೆ ಬಿಸಿಲಿಗೆ ಬೇಗ ಸಾಯುತ್ತದೆ, ನಮ್ಮ ಪ್ಲಾಸ್ಟಿಕ್ಕಿನ ಕೆಳಗೆ ಬಹಳ ದಿನ ಉಳಿಯುತ್ತದೆ, ಹುಳಗಳು ತಲೆಕೆಳಗಾಗಿ ಜೋತು ಸಾಯುತ್ತವೆ ಎಂದು ಮೀಸೆ ತಿರುವಿದರು. ಕೇಳುತ್ತ ಕೂತಿದ್ದವರು ರೇಷ್ಮೆಹುಳ ಸಾಕುವ ಹೆಂಗಸು! ಅಷ್ಟು ದಿನ ಉಳಿಯುವ ರೋಗ ನಿನ್ನ ಸೆರಗಿಗೆ ಹತ್ತಿ ಮಮದಾಪುರದ ತಮ್ಮ ಹುಳಗಳಿಗೂ ಬಂದೀತೆಂದು ಅವರು ಹೆದರಿದರು. ಹಿಂದೊಮ್ಮೆ ಹುಳವೆಲ್ಲ ಬಾತು ಸತ್ತಾಗ ಅವರು ಊಟ ಬಿಟ್ಟಿದ್ದನ್ನು ನೀನೇ ಹೇಳಿದ್ದೆ.

ಇದು ಕಾಯಿಕೊರಕ ಹುಳಕ್ಕಷ್ಟೇ, ರೇಷ್ಮೆಹುಳಕ್ಕೆ ಹತ್ತುವುದಿಲ್ಲ ಎಂದು ಕೃಷಿ ಅಧಿಕಾರಿಯಿಂದ ಹೇಳಿಸಿದೆವು. ಬೋರವ್ವ ನಂಬಲಿಲ್ಲ. ಹೋದ ವಾರ ನಿನಗೆ ತಿಳಿಯದಂತೆ ಬಸ್ಸು ಹತ್ತಿ ಬಂದರು, ಬುಟ್ಟಿಯಲ್ಲಿ ಒಂದಿಷ್ಟು ರೇಷ್ಮೆಹುಳ. "ಇವು ನಿಮ್ಮ ಗಿಡದ ನಡುವ ಇರ್ಲಿ ಬೀಗರ. ಗಿಡ ಮುಟ್ಟಿದ ಕೈ ತೊಳಕೊಳ್ಳದ ಸೊಪ್ಪು ಹಾಕ್ರಿ. ಗೂಡು ಕಟ್ಟಿದ್ರ ಕಸ್ತೂರಿನ ಕಳಸ್ತೇನಿ. ಅಲ್ಲೀತನಕ ಆಕಿಗೆ ಹೇಳಬ್ಯಾಡ್ರಿ, ಸುಮ್ನ ಆಸೆ ಹಚ್ಚಿಕೊಂಡಾಳು" ಎಂದರು. ನನ್ನ ಹೊಟ್ಟೆಯಲ್ಲಿ ಮಾತು ಎಲ್ಲಿ ನಿಲ್ಲುತ್ತದೆ, ಹೇಳಿಬಿಟ್ಟೆ.

ಅಂದಿನಿಂದ ಅಪ್ಪ ಬಬಲೇಶ್ವರದಿಂದ ಹಿಪ್ಪುನೇರಳೆ ಸೊಪ್ಪು ತರುತ್ತಾರೆ, ನಾನು ಹಾಕುತ್ತೇನೆ. ಮೊನ್ನೆ ಹುಳಗಳು ತಿನ್ನುವುದನ್ನೇ ಬಿಟ್ಟು ತಲೆಯೆತ್ತಿ ಕೂತವು. ಅಪ್ಪ ಗಾಬರಿಯಾಗಿ, ಇನ್ನು ಕೈ ತೊಳೆದೇ ಹಾಕು, ಯಾರು ನೋಡುತ್ತಾರೆ ಎಂದರು. ನಾನು ಒಪ್ಪಲಿಲ್ಲ. ಮೋಸ ಮಾಡಿ ನಿನ್ನನ್ನು ಕರೆಸಿಕೊಂಡು, ಮುಂದೆ ಅಲ್ಲಿ ಹುಳ ಸತ್ತರೆ ಆ ಮನೆಯಲ್ಲಿ ಬಾಳಬೇಕಾದವಳು ನೀನು. ಮಾರನೆಯ ದಿನ ನೋಡಿದರೆ ಪೊರೆ ಕಳಚಿ ಮೊದಲಿಗಿಂತ ಜೋರಾಗಿ ತಿನ್ನುತ್ತಿದ್ದವು. ಪೊರೆ ಬಿಡುವಾಗ ಹಾಗೇ ಕೂರುತ್ತವಂತೆ!

ಇನ್ನೂ ಗೂಡು ಕಟ್ಟಿಲ್ಲ. ಆದರೂ ಕೂಸಿನ ಕೌದಿ ಹೊಲಿಯುವುದನ್ನು ನಿಲ್ಲಿಸಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ದಾರಿ ನೋಡುತ್ತಿರುವ ಅವ್ವ,
ಅಕ್ಕನಾಗಮ್ಮ

ತಾ.ಕ.: ನಿನಗೆ ಸುಳ್ಳು ಆಸೆ ಹಚ್ಚಬಾರದೆಂದು ವಾರವಿಡೀ ಈ ಪತ್ರ ಕಳಿಸದೆ ಇಟ್ಟುಕೊಂಡೆ. ಇಂದು ಬುಟ್ಟಿಯ ತುಂಬ ಗೂಡು. ಅಪ್ಪ ಬಾಡಿಗೆ ಕಾರಿನಲ್ಲಿ ಪತ್ರವನ್ನೂ ಬುಟ್ಟಿಯನ್ನೂ ತರುತ್ತಿದ್ದಾರೆ. ಬುಟ್ಟಿಯನ್ನು ಅತ್ತೆಯ ಕೈಗೇ ಕೊಡು. ಅದನ್ನು ಅಲ್ಲೇ ಬಿಟ್ಟು ನಿನ್ನನ್ನು ಕರೆದುಕೊಂಡು ಬರಲು ಅಪ್ಪನಿಗೆ ಹೇಳಿ ಕಳಿಸಿದ್ದೇನೆ.