ಟಾರ್ಚ್ ಡಾಕ್ಟರಿಗೆ

ಸೋಮವಾರ, ಮಧ್ಯಾಹ್ನ

ಊರಿಗೆಲ್ಲ ಹಲ್ಲಿನ ಡಾಕ್ಟರ್, ಮನೆಗೆ ಮಾತ್ರ ಟಾರ್ಚ್ ಡಾಕ್ಟರ್ ಆದ ತಮಗೆ,

ಬೇರೆ ಮನೆ ಮಾಡಿದ ಮೇಲೆ ನಿಮಗೆ ಕಾಗದ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ. ನಿಮ್ಮ ಅಕ್ಕ ವಿಷಯ ಮುಟ್ಟಿಸಿದ್ದಾರೆ, ಆದರೂ ನನ್ನ ಕೈಯಾರೆ ಬರೆಯುವ ಸುಖ ಬಿಡಲಾರೆ.

ಮಗಳ ದವಡೆಯ ಊತ ನೀವಂದಂತೆ ಹುಳುಕು ಹಲ್ಲಿನ ಬಾವಲ್ಲ. ಮೂಳೆಯೊಳಗೆ ಬೆಳೆದ ಗಡ್ಡೆ. ಅರಿವಳಿಕೆ ಕೊಟ್ಟು, ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಅಲ್ಲ, ಮಕ್ಕಳಲ್ಲಿ ಅಪರೂಪಕ್ಕೆ ಬರುವಂಥದ್ದಂತೆ. ಕಂಡುಹಿಡಿದದ್ದು ಯಾರು ಗೊತ್ತೇ? ಕಾಲೇಜಿನಲ್ಲಿ ನೀವು ಪುಸ್ತಕದ ಹುಳು ಎಂದು ಆಡಿಕೊಳ್ಳುತ್ತಿದ್ದ ಅದೇ ಸಹಪಾಠಿ. ಅವರೀಗ ಮಕ್ಕಳ ದವಡೆಯ ಸರ್ಜನ್. ನೀವು ಇನ್ನೂ ಆಡಿಕೊಳ್ಳುತ್ತಲೇ ಇದ್ದೀರಿ.

ನಿಮ್ಮ ಕ್ಲಿನಿಕ್ಕಿನಲ್ಲಿ ಕಂಡವರ ಮಕ್ಕಳಿಗೆಲ್ಲ ಎಕ್ಸ್-ರೇ. ಸ್ವಂತ ಮಗಳನ್ನು ಮಾತ್ರ ಊಟದ ಮೇಜಿನ ಮೇಲೆ ಕೂರಿಸಿ, ಅವಳ ಬಾಯಿಗೆ ಗುಹೆ ಎಂದು ಹೆಸರಿಟ್ಟು, ಗುಹೆ ತೆಗಿ ಎಂದು ಮುದ್ದು ಮಾಡಿ, ಮೊಬೈಲ್ ಟಾರ್ಚ್ ಹಾಕಿ ನೋಡಿದಿರಿ. ಅಲ್ಲಾಡುತ್ತಿದ್ದ ಹಾಲುಹಲ್ಲು ಕಿತ್ತು, ಊತ ಇಳಿಯುತ್ತದೆ ಎಂದಿರಿ. ಇಳಿಯಲಿಲ್ಲ. ಕೇಳಿದ್ದಕ್ಕೆ, ಡಾಕ್ಟರ್ ನೀನೋ ನಾನೋ ಎಂದಿರಿ. ನಾನಂತೂ ಅಲ್ಲ. ನೀವೂ ಅಲ್ಲ ಅಂತ ಈಗ ಗೊತ್ತಾಯಿತು.

ಈಗ ಅಕ್ಕನ ಕೈಲಿ ಹೇಳಿ ಕಳಿಸಿದ್ದೀರಿ, ಆ ಭಾಗದ ದವಡೆಯನ್ನೇ ಕತ್ತರಿಸಿ ತೆಗೆಸಿಬಿಡಬೇಕಂತೆ. ಅಂದು ಉಡಾಫೆ, ಇಂದು ಕೊಡಲಿ! ಅಷ್ಟು ಕತ್ತರಿಸಿದರೆ ಬೆಳೆಯುವ ಮುಖ ಸೊಟ್ಟಗಾಗುತ್ತದೆ, ಒಳಗೆ ಕಾದಿರುವ ಕಾಯಂ ಹಲ್ಲುಗಳೂ ಹೋಗುತ್ತವೆ. ಸರ್ಜನ್ ಮೊದಲು ಗಡ್ಡೆಗೇ ವಾರಕ್ಕೊಂದು ಇಂಜೆಕ್ಷನ್ ಕೊಟ್ಟು ಕುಗ್ಗಿಸಿ, ಉಳಿದದ್ದನ್ನು ಕೆರೆದು ತೆಗೆಯುತ್ತಾರೆ. ಮತ್ತೆ ಬೆಳೆಯಲೂಬಹುದು, ವರ್ಷಗಟ್ಟಲೆ ಕಣ್ಣಿಟ್ಟಿರಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನನಗೆ ಒಪ್ಪಿಗೆ. ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲ.

ನಿಮ್ಮ ಹಂಗಿಲ್ಲದೆ ಇಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಿದೆ.

ಇಂತಿ,
ನಿಮ್ಮ ಮಗಳ ತಾಯಿ

ಮರೆತಿದ್ದೆ: ಸುಸೂತ್ರ ಎಂದದ್ದು ಸುಳ್ಳು. ಮೊದಲ ಇಂಜೆಕ್ಷನ್ನಿಗೆ ಹೋದಾಗ ಮಗಳು ಬಾಯಿ ಬಿಗಿದು ಕೂತುಬಿಟ್ಟಳು. ಸರ್ಜನ್ ಪುಸಲಾಯಿಸಿದರು, ನಾನು ಗದರಿದೆ, ಆಮೇಲೆ ಅವಳೆದುರೇ ಅತ್ತೂಬಿಟ್ಟೆ. ಅಪ್ಪ ಹೇಳಿದರೆ ಮಾತ್ರ ಗುಹೆ ತೆಗೆಯುತ್ತೀನಿ ಅಂದಳು. ಇಂಜೆಕ್ಷನ್ ಇಲ್ಲದೆ, ಹೋದ ದಾರಿಯಲ್ಲೇ ವಾಪಸು ಬಂದೆವು. ವಾರವಾರವೂ ಅರಿವಳಿಕೆ ಕೊಡಲಾಗದಂತೆ. ಹೀಗೇ ಆದರೆ ಕೊನೆಗೆ ನಿಮ್ಮ ಕೊಡಲಿಯೇ ಗತಿ. ಗುರುವಾರ ಬೆಳಿಗ್ಗೆ ಮತ್ತೆ ಕರೆದಿದ್ದಾರೆ, ಆಸ್ಪತ್ರೆಗೆ ಬನ್ನಿ. ಡಾಕ್ಟರಾಗಿ ಬರುವುದು ಬೇಡ. ಟಾರ್ಚ್ ಮರೆಯಬೇಡಿ.