ಮೂರನೆಯ ವಾಲ್ವ್

ಬನಹಟ್ಟಿ
18 ನವೆಂಬರ್ 2009

ಅಮಸಿದ್ದಪ್ಪನಿಗೆ ದಶರಥನ ನಮಸ್ಕಾರ.

ಮೂರು ವರ್ಷ ಮಾತು ಬಿಟ್ಟವನು ಈಗ ನಿನ್ನ ಕ್ಷೇಮ ಕೇಳಿದರೆ ನಾಟಕವಾದೀತು. ಹಾಗಾಗಿ ಕೇಳುವುದಿಲ್ಲ. ಜಮಖಂಡಿಯಲ್ಲಿ ನಿನ್ನ ರೇಡಿಯೊ ರಿಪೇರಿ ಅಂಗಡಿ ಇನ್ನೂ ಅಲ್ಲೇ ಇದೆಯಂತೆ, ಆ ವಿಳಾಸಕ್ಕೇ ಹಾಕುತ್ತಿದ್ದೇನೆ. ಮೊಬೈಲ್ ಇಟ್ಟುಕೊಂಡು ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ.

ನಾವಿಬ್ಬರೂ ಕೂಡಿ ಮಾಡಿದ ಈಕ್ವಲೈಜರ್ ನೆನಪಿದೆಯಲ್ಲ? ತಗಡಿನ ಡಬ್ಬಿ, ಹಳೆಯ ರೇಡಿಯೊಗಳಿಂದ ಬಿಚ್ಚಿದ ಎರಡು ಗಾಜಿನ ವಾಲ್ವ್, ದಪ್ಪ ದನಿಗೆ, ನಡುವಿನ ದನಿಗೆ, ಸಣ್ಣ ದನಿಗೆ ಅಂತ ಮೂರು ತಿರುಗಣಿ. ನನಗೆ ಬೇಕಾಗಿದ್ದದ್ದು ಆ ಮೂರನೆಯದೊಂದೇ. ಅಪ್ಪನ ಭಜನೆ ಮೇಳದ್ದು ನೀನೇ ತುಂಬಿಕೊಟ್ಟ ಕ್ಯಾಸೆಟ್ಟಿತ್ತು. ಅಪ್ಪ ಹಾಡಿದವನಲ್ಲ, ಕಂಚಿನ ತಾಳ ಬಾರಿಸಿದವನು. ಅವನು ಸತ್ತ ಮೇಲೆ ಆ ಕ್ಯಾಸೆಟ್ಟಿನಲ್ಲಿ ಎಲ್ಲರ ದನಿ ಕೇಳುತ್ತಿತ್ತು, ಹಾರ್ಮೋನಿಯಂ ಕೇಳುತ್ತಿತ್ತು, ಅಪ್ಪನ ತಾಳ ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂತು. ಟೇಪು ಹಳತಾಯಿತು ಎಂದುಕೊಂಡೆ. ಸಣ್ಣ ದನಿ ಎತ್ತಿ ಕೊಡುವ ಸೆಟ್ ಮಾಡೋಣ ಎಂದು ನಿನ್ನ ಬೆನ್ನು ಬಿದ್ದೆ.

ಸೆಟ್ ಆಯಿತು. ತಿರುಗಣಿ ಕೊನೆಯವರೆಗೆ ತಿರುಗಿಸಿದರೂ ತಾಳ ಬರಲಿಲ್ಲ. ದನಿ ಬೇರೆ ಬೇರೆ ಮಾಡುವಲ್ಲಿ ಒಂದಿಷ್ಟು ಸದ್ದು ಸೋರಿಹೋಗುತ್ತದೆ, ಅದನ್ನು ತುಂಬಿಕೊಡುವುದೇ ವಾಲ್ವಿನ ಕೆಲಸ ಎಂದು ನೀನು ಹೇಳಿದ್ದೆ. ಹಾಗಾದರೆ ವಾಲ್ವೇ ಸತ್ತಿದೆ ಎಂದೆ ನಾನು. ನೀನು ಒಯ್ದು ಕಂಡೆನ್ಸರ್ ಬದಲಿಸಿದೆ. ಮತ್ತೆ ಒಯ್ದು ಒಂದೊಂದು ಬೆಸುಗೆಯನ್ನೂ ಹೊಸದಾಗಿ ಹಾಕಿದೆ. ಮೂರನೆಯ ಸಲ ಎಂಟು ದಿನ ಇಟ್ಟುಕೊಂಡು, ತಂದುಕೊಟ್ಟು, ಏನೂ ಹೇಳದೆ ಬಸ್ಸು ಹತ್ತಿದೆ. ಆಗಲೂ ತಾಳ ಇಲ್ಲ.

ಮುಂದಿನ ಮಂಗಳವಾರ ನೀನು ಬಂದಾಗ ನಮ್ಮೂರ ಚಹಾದಂಗಡಿಯಲ್ಲಿ ಹತ್ತು ಜನ ನೇಕಾರರ ಎದುರಿಗೆ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ. ಇವತ್ತು ನನ್ನ ಕೈಯಿಂದಲೇ ಬರೆಯುತ್ತೇನೆ: "ಛಲೋ ವಾಲ್ವ್ ತಗದು ಮಾರಕೊಂಡು ನನಗ ಸತ್ತದ್ದು ಹಾಕ್ಯಾನ ಈ ಕಳ್ಳ." ನೀನು ಚಹಾದ ಲೋಟ ಕೆಳಗಿಟ್ಟು ತಲೆ ತಗ್ಗಿಸಿದೆ. ಕಳ್ಳನಿಗೆ ಇನ್ನೇನು ಸಾಕ್ಷಿ ಬೇಕು ಎಂದುಕೊಂಡು ನಾನು ಎದ್ದುಬಂದೆ. ಆಮೇಲೆ ನಮ್ಮ ಊರಿನವರು ಯಾರೂ ನಿನ್ನ ಅಂಗಡಿಗೆ ಸೆಟ್ ಕೊಡಲಿಲ್ಲ. ಅದು ಗೊತ್ತಾದಾಗ ನನಗೆ ಖುಷಿಯಾಗಿತ್ತು.

ಹೋದ ವಾರ ಹೆಂಡತಿ ಶಿವಗಂಗವ್ವ ಹಟ ಹಿಡಿದು ಬಾಗಲಕೋಟೆಯ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರು. ದಪ್ಪ ದನಿಗಳಿಗೆ ಕೈ ಎತ್ತಿದೆ, ಸಣ್ಣ ದನಿಗಳಿಗೆ ಕಾಯುತ್ತ ಕುಳಿತೆ. ಇನ್ನೂ ಶುರುವಾಗಿಲ್ಲವೇ ಎಂದು ಕೇಳಿದ್ದಕ್ಕೆ, ಆಗಲೇ ಮುಗಿಯಿತು ಎಂದರು. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತವರಿಗೆ ಮೊದಲು ಸಣ್ಣ ದನಿಗಳೇ ಹೋಗುತ್ತವಂತೆ. ಹೋದದ್ದು ತಿರುಗಿ ಬರುವುದಿಲ್ಲ, ಮೂರು ವರ್ಷ ಮೊದಲೇ ಬಂದಿದ್ದರೆ ಉಳಿದದ್ದನ್ನಾದರೂ ಕಾಪಾಡಬಹುದಿತ್ತು ಎಂದರು. ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತೇವೆ, ಅಲ್ಲಿ ಯಾರಿಗೆ ಕೇಳುತ್ತದೆ, ಯಾರಿಗಿಲ್ಲ ಎಂದು ತಿಳಿಯುವುದಾದರೂ ಹೇಗೆ?

ಮನೆಗೆ ಬಂದು ಆ ಡಬ್ಬಿ ಬಿಚ್ಚಿದೆ. ಒಳಗೆ ಮೂರು ವಾಲ್ವ್ ಇದ್ದವು. ನಾವು ಹಾಕಿದ್ದು ಎರಡು. ಮೂರನೆಯದರ ಬುಡದಲ್ಲಿ ಬಿರುಕಿಗೆ ಹಚ್ಚಿದ ಕೆಂಪು ಅರಗು. ನಿಮ್ಮಪ್ಪನ ರೇಡಿಯೊದ ವಾಲ್ವ್ ಅದು. ನೀನು ಅರಗು ಕರಗಿಸಿ ಬಿಡುವಾಗ ಹಿಡಿದುಕೊಂಡವನೇ ನಾನು. ಯಾರು ಎಷ್ಟು ಕೇಳಿದರೂ ಕೊಡದ ವಾಲ್ವು.

ಕ್ಯಾಸೆಟ್ಟು ಹಾಕಿ ಹಚ್ಚಿ ನೋಡಿದೆ. ಮಗಳು ಪೂನಮ್ ಕಿವಿ ಮುಚ್ಚಿಕೊಂಡು ಹೊರಗೆ ಓಡಿದಳು. ಮೂರು ವರ್ಷದಿಂದ ಹಾಗೆಯೇ ಓಡುತ್ತಾಳೆ. ಅಜ್ಜನ ಭಜನೆ ಎಂದರೆ ಆಗುವುದಿಲ್ಲ ಇವಳಿಗೆ ಎಂದು ಎಷ್ಟೋ ಸಲ ಬೈದಿದ್ದೇನೆ. ಈ ಸಲ ಹಿಂದೆ ಹೋಗಿ, ತಾಳ ಕೇಳುತ್ತದೇನು ಎಂದು ಕೇಳಿದೆ. "ಅದೊಂದ ಕೇಳತೈತಿ ಅಪ್ಪಾ, ಕಿವ್ಯಾಗ ಸೂಜಿ ಚುಚ್ಚಿದಂಗ" ಎಂದಳು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ಹಿಟ್ಟು ನಾದುವುದು ನಿಲ್ಲಿಸಿ, ನನಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು: "ನಿಮಗ ಯಾರ್ ಹೇಳಬೇಕ್ರಿ? ಛಲೋ ಮಾಡಿದವನ್ನ ಕಳ್ಳ ಅಂದ್ರಿ."

ಎದ್ದುಬಂದು ಕಾಗದ, ಪೆನ್ನು ಹುಡುಕಿದೆ. ನಿನ್ನನ್ನಾದರೂ ಕೇಳುತ್ತೇನೆ. ನಿನ್ನ ಮೀಟರಿನ ಮುಳ್ಳು ಮೊದಲ ದಿನವೇ ಸೆಟ್ ಸರಿಯಿದೆ ಎಂದು ತೋರಿಸಿರಬೇಕು. ಕೆಟ್ಟಿರುವುದು ನಾನು ಎಂದು ನಿನಗೆ ಗೊತ್ತಾಗಿತ್ತು. ತನ್ನಪ್ಪನ ವಾಲ್ವ್ ಕಿತ್ತುಕೊಡುವಷ್ಟು ಪ್ರೀತಿಯಿದ್ದವನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲವೇ? ಕಳ್ಳ ಅನ್ನಿಸಿಕೊಂಡು ಹೋದೆ, ನೀನು ದೊಡ್ಡವನಾದೆ. ನನ್ನ ಕಿವಿ ಹೋಯಿತು. ತಪ್ಪು ನನ್ನದೇ, ಆ ಹತ್ತು ಜನರ ಮುಂದೆಯೇ ಒಪ್ಪಿಕೊಳ್ಳುತ್ತೇನೆ. ಆದರೆ ನಿನ್ನ ಮೌನವನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ವಾಲ್ವನ್ನು ಹತ್ತಿಯಲ್ಲಿ ಸುತ್ತಿ ಬೇರೆ ಕಳಿಸುತ್ತಿದ್ದೇನೆ. ನಿಮ್ಮಪ್ಪನ ರೇಡಿಯೊ ಮತ್ತೆ ಹಾಡಲಿ.

ಇಂತಿ, ಒಂದು ಕಾಲದ ಗೆಳೆಯ,
ದಶರಥ

ತಾ.ಕ.: ಕಾಗದ ಮಡಚುವಾಗ ಒಂದು ನೆನಪಾಯಿತು. ಆ ದಿನ ಚಹಾದಂಗಡಿಯಲ್ಲಿ ತಲೆ ತಗ್ಗಿಸಿದಾಗ ನಿನ್ನ ತುಟಿ ಅಲ್ಲಾಡಿತ್ತು. ಉಳಿದವರಿಗೆ ಕೇಳಬಾರದೆಂದು ಮೆಲ್ಲಗೆ ಏನೋ ಹೇಳಿದೆ ಅಂತ ಕಾಣುತ್ತದೆ. ನನಗೆ ಅದು ಕೇಳಿಸಲಿಲ್ಲ. ಏನು ಹೇಳಿದ್ದೆ? ಬರೆದು ತಿಳಿಸು.